ಅಜ್ಜಿ ಮಡಿ ಹಿಡಿದ ವರ್ಷ

ನಮ್ಮ ಅಜ್ಜಿ ತೊಂಬತ್ಮೂರು ವರ್ಷ ಬದುಕಿದಳು. ಅಷ್ಟು ದೊಡ್ಡ ಆಯುಷ್ಯದಲ್ಲಿ ಐದು ತಿಂಗಳು ಮಾತ್ರ ನಾನು ಅವಳನ್ನು ಮನಸಾರೆ ದ್ವೇಷಿಸಿದ್ದೆ. ಆಗ ನನಗೆ ಹನ್ನೊಂದು ವರ್ಷ. ಐವತ್ತರ ದಶಕ ಅರ್ಧ ಕಳೆದಿತ್ತು. ನಾವು ಮುಂಬಯಿಯ ಆಂಟಾಪ್ ಹಿಲ್‌ನ ಮೂರು ಮಾಳಿಗೆಯ ಒಂದು ಬಿಲ್ಡಿಂಗಿನಲ್ಲಿ, ಎರಡನೆಯ ಮಾಳಿಗೆಯ ಕೊನೆಯ ಖೋಲಿಯಲ್ಲಿದ್ದೆವು. ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆಮನೆ, ಹಿಂದುಗಡೆ ಹಲಗೆ ಹೊಡೆದು ಮರೆಮಾಡಿಕೊಂಡಿದ್ದ ಕಿರಿದಾದ ಬಾಲ್ಕನಿ. ನಳವೂ ಸಂಡಾಸವೂ ಖೋಲಿಗಳ ಮುಂದಿನ ಗ್ಯಾಲರಿಯ ಆ ತುದಿಗೆ, ಎಂಟು ಮನೆಗಳಿಗೆ ಸೇರಿ.

ಮನೆಯಲ್ಲಿ ಐದು ಜನ. ಅಪ್ಪ ಫೋರ್ಟಿನ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಅವ್ವ ಮನೆ ನೋಡಿಕೊಳ್ಳುತ್ತಿದ್ದಳು. ಅಪ್ಪನ ತಂಗಿ, ಅಂದರೆ ನನ್ನ ಸೋದರತ್ತೆ, ಮದುವೆಯ ವಯಸ್ಸಿಗೆ ಬಂದವಳು. ಅವಳಿಗೆ ವರ ನೋಡುವುದು ನಡೆದಿತ್ತು. ಆಮೇಲೆ ನಾನು, ಒಬ್ಬಳೇ ಮಗಳು. ನಮ್ಮೆಲ್ಲರ ಮೇಲೆ ಅಜ್ಜಿ, ಅಪ್ಪನ ತಾಯಿ.

ಅಜ್ಜಿ ಧಾರವಾಡದ ಹತ್ತಿರದ ಹಳ್ಳಿಯೊಂದರಲ್ಲಿ ಹುಟ್ಟಿದವಳು. ಹನ್ನೊಂದಕ್ಕೆ ಮದುವೆ, ಐವತ್ತಕ್ಕೆ ವೈಧವ್ಯ, ಹೆತ್ತ ಏಳರಲ್ಲಿ ಉಳಿದದ್ದು ಎರಡು. ಯುದ್ಧದ ಕಾಲದಲ್ಲಿ ಅಪ್ಪನಿಗೆ ಮುಂಬಯಿಯಲ್ಲಿ ಕೆಲಸ ಸಿಕ್ಕಾಗ ಅವಳೂ ಕೆಂಪು ಸೀರೆಯ ಸೆರಗನ್ನು ಬೋಳುತಲೆಯ ಮೇಲೆ ಬಿಗಿಯಾಗಿ ಹೊದ್ದು ರೈಲು ಹತ್ತಿದ್ದಳು. ಬಂದ ಮೊದಲ ಬೆಳಿಗ್ಗೆ ನಳದ ಮುಂದೆ ಎಂಟು ಮನೆಗಳ ಬಕೆಟ್ಟುಗಳು ಒಂದಕ್ಕೊಂದು ತಾಗಿ ನಿಂತದ್ದನ್ನು ನೋಡಿ, ಈ ನಳಕ್ಕೇ ಮಡಿ ಇಲ್ಲದ ಮೇಲೆ ತನಗೆಲ್ಲಿಂದ ಬರಬೇಕು ಎಂದಳಂತೆ. ಅಂದಿನಿಂದ ಅವಳ ಮಡಿ ಹೆಸರಿಗಷ್ಟೇ ಇತ್ತು. ಬೆಳಿಗ್ಗೆ ದೇವರ ಮುಂದೆ ಅರ್ಧ ತಾಸು, ಆಮೇಲೆ ಯಾರ ಮನೆಯಲ್ಲಾದರೂ ಕೂತು ಚಹಾ ಕುಡಿಯುವಳು. ಒಮ್ಮೆ ಅಪ್ಪನ ಜೊತೆ ಲೋಕಲ್ ಹಿಡಿದು ಫೋರ್ಟಿಗೆ ಹೋಗಿ ಉಡುಪಿ ಹೋಟೆಲಿನಲ್ಲಿ ಇಡ್ಲಿ ತಿಂದು ಬಂದಿದ್ದಳು. ತಲೆ ಬೋಳಿಸಿಕೊಂಡ ವಿಧವೆಯೊಬ್ಬಳು ಹೋಟೆಲಿನಲ್ಲಿ ತಿಂದಳೆಂದರೆ ಆ ಕಾಲಕ್ಕೆ ಸಣ್ಣ ಸುದ್ದಿಯಲ್ಲ. ಅವಳು ಅದನ್ನು ಬಚ್ಚಿಡಲೂ ಇಲ್ಲ.

ಹಾಗಿದ್ದ ಅಜ್ಜಿ ಆ ವರ್ಷ ದಸರೆ ಮುಗಿದ ವಾರದಲ್ಲಿ ಬದಲಾದಳು. ಒಂದು ದಿನ ಅಪ್ಪ ಕಚೇರಿಗೆ ರಜೆ ಹಾಕಿ, ಅವ್ವನನ್ನೂ ಅಜ್ಜಿಯನ್ನೂ ಕರೆದುಕೊಂಡು ಪರೇಲಿಗೆ ಹೋದ. ಪರಿಚಯದವರೊಬ್ಬರನ್ನು ನೋಡಲು ಅಂತ ನನಗೆ ಹೇಳಿದ್ದರು. ಸಂಜೆ ಕತ್ತಲಾದ ಮೇಲೆ ತಿರುಗಿ ಬಂದರು. ಮರುದಿನ ಅಜ್ಜಿ ಬಾಲ್ಕನಿಯಲ್ಲಿದ್ದ ಹಳೆಯ ಡಬ್ಬಿಗಳನ್ನೆಲ್ಲ ಹೊರಗೆ ಹಾಕಿ, ಅಲ್ಲಿ ಒಂದು ಕಬ್ಬಿಣದ ಮಂಚ ಹಾಕಿಸಿ, ಹಲಗೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿಸಿದಳು. ಆಮೇಲೆ ನನ್ನನ್ನು ಕರೆದು, ನಿಮ್ಮ ಅವ್ವ ಒಂದು ದೊಡ್ಡ ವ್ರತ ಹಿಡಿದಿದ್ದಾಳೆ, ಇನ್ನು ಮೇಲೆ ಅವಳನ್ನು ಯಾರೂ ಮುಟ್ಟಕೂಡದು, ಅವಳ ತಟ್ಟೆ ಲೋಟ ಬಟ್ಟೆ ಯಾವುದನ್ನೂ ಮುಟ್ಟಕೂಡದು ಎಂದಳು. ಎಷ್ಟು ದಿನ ಎಂದು ಕೇಳಿದೆ. ಮುಗಿಯುವ ತನಕ ಎಂದಳು.

ಅಲ್ಲಿಂದ ಮನೆ ಮನೆಯಾಗಿ ಉಳಿಯಲಿಲ್ಲ. ಅವ್ವನ ಊಟವನ್ನು ಅಜ್ಜಿಯೇ ಒಯ್ದು ಕೊಡುತ್ತಿದ್ದಳು. ಅವ್ವ ಉಂಡ ಪಾತ್ರೆಗಳನ್ನು ಬೇರೆ ಒಲೆಯ ಮೇಲೆ ಕುದಿಸುತ್ತಿದ್ದಳು, ಅವಳ ಬಟ್ಟೆಗಳನ್ನು ತಾನೇ ಬೂದಿನೀರಲ್ಲಿ ಬೇಯಿಸುತ್ತಿದ್ದಳು. ದಿನಕ್ಕೆ ಮೂರು ಸಲ ತಣ್ಣೀರು ಸುರಿದುಕೊಳ್ಳುವಳು. ಅಡುಗೆಮನೆಯ ಮೂಲೆಯಲ್ಲಿ ಒಂದು ಮರದ ಪೆಟ್ಟಿಗೆ ಇಟ್ಟು, ಅದು ತನ್ನ ಮಡಿಯ ಪೆಟ್ಟಿಗೆ, ಅದರ ನೆರಳೂ ತುಳಿಯಬಾರದು ಎಂದು ಕಟ್ಟಪ್ಪಣೆ ಮಾಡಿದಳು. ಮುಂಜಾನೆ ಅವಳೂ ಅವ್ವನೂ ಬಸ್ಸು ಹತ್ತಿ ಗುಡಿಗೆಂದು ಹೋಗುವರು. ಬರುವಾಗ ಅವ್ವ ಮೆಟ್ಟಿಲು ಮೆಟ್ಟಿಲಿಗೂ ನಿಂತು ಏರುವಳು. ಬೆಳಗಿನ ಹೊತ್ತು ಹಲಗೆಯ ಆಚೆ ಅವ್ವ ಕೆಮ್ಮಲು ತೊಡಗಿದ್ದೇ ಅಜ್ಜಿ ಗಂಟೆ ಬಾರಿಸುತ್ತ ಗಟ್ಟಿ ದನಿಯಲ್ಲಿ ಆರತಿ ಹಾಡಲು ತೊಡಗುವಳು. ಅವಳ ದನಿ ಒಡಕಲು. ಗ್ಯಾಲರಿಯ ಹೆಂಗಸರು ನಳದ ಹತ್ತಿರ ನಗುತ್ತಿದ್ದರು. ಮುದುಕಿಗೆ ಈ ವಯಸ್ಸಿನಲ್ಲಿ ಮಡಿ ಹುಚ್ಚು ಹಿಡಿಯಿತು, ಪಾಪ ಸೊಸೆಯನ್ನು ಸೊರಗಿಸಿಬಿಟ್ಟಳು ಎನ್ನುತ್ತಿದ್ದುದು ನನ್ನ ಕಿವಿಗೂ ಬೀಳುತ್ತಿತ್ತು.

ಅವ್ವ ಸೊರಗಿದ್ದು ನನಗೂ ಕಾಣುತ್ತಿತ್ತು. ನಾನು ಹಲಗೆಯ ಸಂದಿನಿಂದ ನೋಡುತ್ತಿದ್ದೆ. ಅವಳು ಕಿಟಕಿಯ ಕಡೆ ಮುಖಮಾಡಿ ಮಲಗಿರುವಳು. ಒಮ್ಮೊಮ್ಮೆ ನನ್ನ ಕಣ್ಣು ಅವಳಿಗೆ ಕಂಡರೆ, ದೂರ ಹೋಗು ಎಂದು ಕೈಸನ್ನೆ ಮಾಡುವಳು. ನನಗೆ ತಲೆ ಬಾಚುವವರು ಯಾರೂ ಇರಲಿಲ್ಲ. ಸೋದರತ್ತೆ ಬಾಚಿದರೆ ಕೂದಲು ಕಿತ್ತು ಬರುತ್ತಿತ್ತು. ಇದೆಲ್ಲ ಅಜ್ಜಿಯ ಕೆಲಸ, ಅವಳ ದೇವರ ಕೆಲಸ ಎಂದು ನಾನು ತೀರ್ಮಾನಿಸಿದ್ದೆ.

ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಶಾಲೆ ಬೇಗ ಬಿಟ್ಟಿತು. ಅಜ್ಜಿ ಸ್ನಾನಕ್ಕೆ ಹೋಗಿದ್ದಳು. ನಾನು ಹೊರಗಿನ ಚಪ್ಪಲಿ ಮುಟ್ಟಿದ ಕೈಯನ್ನೇ ತೆಗೆದುಕೊಂಡು ಹೋಗಿ ಅವಳ ಮಡಿಯ ಪೆಟ್ಟಿಗೆಯ ಮುಚ್ಚಳ ತೆಗೆದೆ. ಅದನ್ನು ಮೈಲಿಗೆ ಮಾಡಬೇಕು ಎನ್ನುವುದೊಂದೇ ನನ್ನ ಉದ್ದೇಶ. ಒಳಗೆ ದೇವರೂ ಇರಲಿಲ್ಲ, ಮಡಿಬಟ್ಟೆಯೂ ಇರಲಿಲ್ಲ. ಕಂದುಬಣ್ಣದ ಔಷಧದ ಸೀಸೆಗಳಿದ್ದವು. ಕರಿಯ ಫಿಲ್ಮು ಇದ್ದ ಒಂದು ದೊಡ್ಡ ಲಕೋಟೆ ಇತ್ತು. ಕೆಳಗೆ ಹಳೆಯ ಮರಾಠಿ ಪತ್ರಿಕೆಯಲ್ಲಿ ಸುತ್ತಿದ ಏನೋ ಒಂದು ಗಂಟು. ಬಿಚ್ಚಿದರೆ ಮೊಟ್ಟೆಯ ಚಿಪ್ಪುಗಳು. ನಮ್ಮ ಮನೆಯಲ್ಲಿ ಆ ಶಬ್ದವನ್ನು ಕೂಡ ಯಾರೂ ಆಡುತ್ತಿರಲಿಲ್ಲ.

ತಲೆಯೆತ್ತಿದಾಗ ಅಜ್ಜಿ ಒದ್ದೆ ಸೀರೆಯಲ್ಲಿ ಬಾಗಿಲಲ್ಲಿ ನಿಂತಿದ್ದಳು. ಬೀಳುವ ಏಟಿಗೆ ನಾನು ಸಿದ್ಧಳಾದೆ. ಅವಳು ಹೊಡೆಯಲಿಲ್ಲ.

"ಮೊದಲ ಕೈ ತೊಳಕೊಂಡು ಬಾ," ಎಂದಳು. "ಸಾಬಾಣ ಹಚ್ಚಿ ತೊಳಿ."

ತೊಳೆದು ಬಂದೆ. ಅವಳು ನನ್ನನ್ನು ಎದುರಿಗೆ ಕೂರಿಸಿಕೊಂಡು ಸಣ್ಣ ದನಿಯಲ್ಲಿ ಹೇಳಿದಳು: "ನಿಮ್ಮ ಅವ್ವಗ ಕ್ಷಯ ಆಗೇದ. ವ್ರತಾ ಗಿತಾ ಏನೂ ಇಲ್ಲ. ಪರೇಲಿಗೆ ಹೋಗೂದು ಗುಡಿಗಲ್ಲ, ಇಂಜೆಕ್ಷನ್ನಿಗೆ."

ಅವ್ವ ಸಾಯುತ್ತಾಳೇನು ಎಂದು ಕೇಳಿದೆ.

"ಡಾಕ್ಟರು ಇಲ್ಲ ಅಂತಾರ. ನಾನೂ ಇಲ್ಲ ಅಂತೇನಿ. ಆದ್ರ ಈ ಬಿಲ್ಡಿಂಗಿನಾಗ ಒಬ್ಬರಿಗೆ ಗೊತ್ತಾತಂದ್ರ ನಾವು ಇಲ್ಲಿರೂದಿಲ್ಲ."

ಅದು ಹೇಗೆಂದು ನನಗೆ ಗೊತ್ತಿತ್ತು. ಹಿಂದಿನ ವರ್ಷ ಕೆಳಗಿನ ಮಾಳಿಗೆಯಲ್ಲಿ ಒಬ್ಬ ಗಂಡಸು ಕೆಮ್ಮಿದಾಗ ರಕ್ತ ಬಿದ್ದದ್ದನ್ನು ಯಾರೋ ನೋಡಿದ್ದರು. ಎರಡೇ ದಿನದಲ್ಲಿ ಅವರ ಹಾಸಿಗೆಗಳನ್ನು ಅಂಗಳದಲ್ಲಿ ಸುಟ್ಟರು. ಅವರು ಸಾಮಾನು ಕೈಗಾಡಿಗೆ ಹೇರುವಾಗ ಬಿಲ್ಡಿಂಗಿನ ಒಬ್ಬನೂ ಕೈಹಚ್ಚಲಿಲ್ಲ. ನಾವು ಮಕ್ಕಳು ಮೂಗು ಮುಚ್ಚಿಕೊಂಡು ಗ್ಯಾಲರಿಯಿಂದ ನೋಡಿದ್ದೆವು. ಅವ್ವನನ್ನು ಕ್ಷಯದ ಸ್ಯಾನಿಟೋರಿಯಮ್ಮಿಗೆ ಸೇರಿಸೋಣವೆಂದರೆ ಹಾಸಿಗೆ ಸಿಗಲು ತಿಂಗಳುಗಟ್ಟಲೆ ಕಾಯಬೇಕಿತ್ತಂತೆ. ಮನೆಯಲ್ಲೇ ಔಷಧ ಕೊಡಬಹುದು, ಆದರೆ ಎಲ್ಲ ಬೇರೆ ಇಡಬೇಕು, ಪಾತ್ರೆ ಕುದಿಸಬೇಕು, ಕಫ ಸುಡಬೇಕು, ಮಕ್ಕಳನ್ನು ದೂರ ಇಡಬೇಕು, ಹಾಲು ಮೊಟ್ಟೆ ಕೊಡಬೇಕು, ಒಂದೂವರೆ ವರ್ಷವಾದೀತು, ಒಂದು ಖೋಲಿಯಲ್ಲಿ ಇದೆಲ್ಲ ಆಗುವ ಮಾತೇ ಎಂದು ಪರೇಲಿನ ಡಾಕ್ಟರು ಮೊದಲ ದಿನವೇ ಕೇಳಿದ್ದರು. ಅಪ್ಪ ತಲೆ ತಗ್ಗಿಸಿದ್ದ. ಬೇರೆ ಇಡುವುದನ್ನು ತನಗೆ ಬಿಡಿ ಎಂದು ಅಜ್ಜಿ ಹೇಳಿದ್ದಳು. ಅವಳಿಗೆ ಬೇರೆ ಇಡಲು ಗೊತ್ತಿದ್ದ ಉಪಾಯ ಒಂದೇ, ಮಡಿ. ಮಡಿಯೆಂದರೆ ಯಾರೂ ಏಕೆಂದು ಕೇಳುವುದಿಲ್ಲ.

ಮೊಟ್ಟೆಗಳನ್ನು ಅಪ್ಪ ಫೋರ್ಟಿನಿಂದ ಬರುವಾಗ ಊಟದ ಡಬ್ಬಿಯಲ್ಲಿಟ್ಟುಕೊಂಡು ತರುತ್ತಿದ್ದ. ಅಜ್ಜಿ ಮೂಗಿಗೆ ಸೆರಗು ಬಿಗಿದುಕೊಂಡು ಅವನ್ನು ಹಾಲಿಗೆ ಒಡೆದು ಹಾಕಿ, ಕದಡಿ, ಅವ್ವನಿಗೆ ಕುಡಿಸಿ, ಆಮೇಲೆ ಹೋಗಿ ತಣ್ಣೀರು ಸುರಿದುಕೊಳ್ಳುತ್ತಿದ್ದಳು. ಬಿಲ್ಡಿಂಗಿನವರು ನಗುತ್ತಿದ್ದ ಮೂರನೆಯ ಸ್ನಾನ ಅದೇ. ಚಿಪ್ಪುಗಳನ್ನು ಪೆಟ್ಟಿಗೆಯಲ್ಲಿ ಕೂಡಿಟ್ಟು, ಪರೇಲಿಗೆ ಹೋಗುವಾಗ ದಾರಿಯಲ್ಲಿ ಚೆಲ್ಲುತ್ತಿದ್ದಳು.

ಯಾಕೆ ಇಷ್ಟೆಲ್ಲ, ಅವ್ವನನ್ನು ಅವಳ ತವರಿಗೆ ಕಳಿಸಬಹುದಿತ್ತಲ್ಲ ಎಂದು ನಾನು ಕೇಳಿದೆ. ಹನ್ನೊಂದು ವರ್ಷದ ಬುದ್ಧಿಯಲ್ಲಿ ಕೇಳಿದ ಮಾತು. ಅದಕ್ಕೆ ಅಜ್ಜಿ ತನ್ನ ಓರಗಿತ್ತಿಯ ಕಥೆ ಹೇಳಿದಳು. ಅಜ್ಜಿ ಹದಿನಾರರ ಸೊಸೆಯಾಗಿದ್ದಾಗ ಅವಳ ಮೈದುನನ ಹೆಂಡತಿಗೆ ಇದೇ ಕೆಮ್ಮು ಬಂತು. ಅವಳು ಅಜ್ಜಿಗಿಂತ ಒಂದು ವರ್ಷ ಚಿಕ್ಕವಳು. ಮನೆಯ ಹಿರಿಯರು ಚಕ್ಕಡಿ ಕಟ್ಟಿಸಿ ತವರಿಗೆ ಕಳಿಸಿದರು. ಅವಳ ಟ್ರಂಕು ಕಟ್ಟಿಕೊಟ್ಟವಳು ಅಜ್ಜಿ. ತವರಿನವರು ಅವಳನ್ನು ಹಿತ್ತಿಲ ಕೋಣೆಯಲ್ಲಿಟ್ಟರು. ಮಳೆಗಾಲ ಮುಗಿಯುವ ಮೊದಲು ಸತ್ತ ಸುದ್ದಿ ಬಂತು.

"ಗಾಡಿ ಹೊಂಟಾಗ ಕದಾ ಹಾಕು ಅಂದ್ರು. ನಾನ ಹಾಕಿದೆ," ಎಂದಳು ಅಜ್ಜಿ. ಚಿಪ್ಪುಗಳನ್ನು ಮತ್ತೆ ಪತ್ರಿಕೆಯಲ್ಲಿ ಸುತ್ತಿದಳು. "ಇನ್ನ ಹೋಗಿ ಬರಿಯೂದು ಬರಿ."

ಅಲ್ಲಿಂದ ನಾನೂ ಗುಟ್ಟಿನ ಪಾಲುದಾರಳಾದೆ. ದ್ವೇಷ ಹೋದ ಜಾಗದಲ್ಲಿ ಭಯ ಬಂದು ಕೂತಿತು. ನಳದ ಹತ್ತಿರ ಯಾರಾದರೂ ಅವ್ವನ ಬಗ್ಗೆ ಕೇಳಿದರೆ ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಬರುತ್ತಿದ್ದೆ. ಶಾಲೆಯಲ್ಲಿ ನಾನೇ ಕೆಮ್ಮಿದರೆ ಸುತ್ತ ನೋಡುತ್ತಿದ್ದೆ. ಬೆಳಿಗ್ಗೆ ಅಜ್ಜಿ ಆರತಿ ಶುರುಮಾಡಿದರೆ ನಾನೂ ದನಿಗೂಡಿಸುತ್ತಿದ್ದೆ.

ಎಲ್ಲಕ್ಕಿಂತ ಹೆಚ್ಚು ಭಯ ಪಕ್ಕದ ಮನೆಯದು. ಅವರು ಹಳೇ ಮೈಸೂರು ಕಡೆಯವರು. ಗಂಡ ಯಾವುದೋ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಹೆಂಡತಿಗೆ ಇಪ್ಪತ್ತೈದರ ಆಸುಪಾಸು. ಮೊದಲ ಮಗು ತೀರಿಕೊಂಡ ಮೇಲೆ ಹುಟ್ಟಿದ ಹೆಣ್ಣುಮಗು ಎರಡು ವರ್ಷದ್ದು, ಬೆಳಗಿನಿಂದ ಸಂಜೆಯವರೆಗೆ ನಮ್ಮ ಮನೆಯಲ್ಲೇ ಇರುತ್ತಿತ್ತು. ಮೊದಲೆಲ್ಲ ಅದು ಅವ್ವನ ತೊಡೆ ಬಿಟ್ಟು ಇಳಿಯುತ್ತಿರಲಿಲ್ಲ. ಈಗಲೂ ತಾಯಿ ನೀರಿಗೆ ಹೋಗುವಾಗ ಅದನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗುವಳು. ಬೇಡವೆಂದರೆ ಅನುಮಾನ ಬಂದೀತೆಂದು ಅಜ್ಜಿ ಬೇಡವೆನ್ನಲಿಲ್ಲ. ಮಗು ಬಂದಾಗ ಹಲಗೆಯ ಬಾಗಿಲ ಚಿಲಕ ಹಾಕಿದೆಯೋ ಇಲ್ಲವೋ ಎಂದು ಎರಡೆರಡು ಸಲ ನೋಡುವಳು.

ಜೂನಿನ ಮೊದಲ ವಾರ, ಶಾಲೆ ಇನ್ನೂ ತೆರೆದಿರಲಿಲ್ಲ. ಆ ಭಾನುವಾರ ಸೋದರತ್ತೆಯನ್ನು ನೋಡಲು ಗಂಡಿನವರು ಬರುವುದಿತ್ತು. ಅವರು ಬೆಂಗಳೂರು ಕಡೆ ಸಂಬಂಧವಿದ್ದವರು, ಪಕ್ಕದ ಮನೆಯವರಿಗೆ ಪರಿಚಯ. ಆ ಮಾತು ತಂದವಳೇ ಪಕ್ಕದ ಮನೆಯಾಕೆ. ಗುರುವಾರ ಮಧ್ಯಾಹ್ನ ಅಜ್ಜಿಯೂ ಸೋದರತ್ತೆಯೂ ಸಾಮಾನು ತರಲು ಪೇಟೆಗೆ ಹೋದರು. ಅವ್ವ ಔಷಧ ಕುಡಿದು ಮಲಗಿದ್ದಳು. ಅವ್ವನಿಗೆ ನೀರಿಟ್ಟು ಬಂದ ನಾನು ಚಿಲಕ ಹಾಕುವ ಮೊದಲೇ ಆ ವರ್ಷದ ಮೊದಲ ಮಳೆ ದಬದಬನೆ ಬಿತ್ತು. ಗಚ್ಚಿಯ ಮೇಲೆ ಒಣಹಾಕಿದ್ದ ಬಟ್ಟೆ ನೆನಪಾಗಿ ಮೇಲಕ್ಕೆ ಓಡಿದೆ. ಕೆಳಗೆ ಬಂದಾಗ ನಮ್ಮ ಮುಂಬಾಗಿಲೂ ತೆರೆದಿತ್ತು, ಹಲಗೆಯ ಬಾಗಿಲೂ ತೆರೆದಿತ್ತು.

ಮಗು ಅವ್ವನ ಮಂಚದ ಪಕ್ಕದಲ್ಲಿ ನೆಲದ ಮೇಲೆ ಕೂತಿತ್ತು. ಅವ್ವ ಅರ್ಧ ಕುಡಿದು ಬಿಟ್ಟಿದ್ದ ಹಾಲಿನ ಲೋಟ ಅದರ ಎರಡೂ ಕೈಯಲ್ಲಿತ್ತು. ತುಟಿಯ ಮೇಲೆ ಹಾಲಿನ ಬಿಳಿ ಗೆರೆ. ಅವ್ವನಿಗೆ ಎಚ್ಚರವೇ ಇರಲಿಲ್ಲ.

ನಾನು ಮಗುವನ್ನು ಎತ್ತಿಕೊಂಡು ಅಡುಗೆಮನೆಯ ಮೋರಿಗೆ ಒಯ್ದು ಬಾಯಿಗೆ ನೀರು ಹಾಕಿದೆ. ಬೆರಳು ಹಾಕಿ ನಾಲಿಗೆ ಒರೆಸಿದೆ. ಅದು ಅತ್ತಿತು. ಒದ್ದೆಯಾದ ಅಂಗಿಯನ್ನು ಸೆಳೆದು ಸರಿಮಾಡಿ, ಅವರ ಮನೆಗೆ ಒಯ್ದು ಬಿಟ್ಟೆ. ತಾಯಿ ಒಲೆಯ ಮುಂದಿದ್ದಳು. ಮಳೆಯಲ್ಲಿ ಆಡಿದಳೇನು ಎಂದು ನಕ್ಕಳು. ನಾನೂ ನಗಲು ನೋಡಿದೆ. ಇದನ್ನು ನೋಡಿದವಳು ನಾನೊಬ್ಬಳೇ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅಜ್ಜಿ ಬರುವ ತನಕ, ಎರಡು ತಾಸು ಇದ್ದಿರಬೇಕು, ಹೇಳುವುದಿಲ್ಲ ಎಂದೇ ಗಟ್ಟಿಮಾಡಿಕೊಂಡು ಕೂತಿದ್ದೆ. ಅವಳು ಒಳಗೆ ಬಂದು ಚೀಲ ಕೆಳಗಿಡುವ ಮೊದಲೇ ಹೇಳಿಬಿಟ್ಟೆ.

ಅಜ್ಜಿ ಬಯ್ಯಲಿಲ್ಲ. ಚೀಲದಿಂದ ಕೊಬ್ಬರಿ, ಬೆಲ್ಲ ತೆಗೆದು ಡಬ್ಬಿಗಳಿಗೆ ಹಾಕಿದಳು. ಎಷ್ಟು ಹಾಲಿತ್ತು ಎಂದು ಒಂದೇ ಪ್ರಶ್ನೆ ಕೇಳಿದಳು. ಅಪ್ಪ ಕಚೇರಿಯಿಂದ ಬಂದ ಮೇಲೆ, ನಾಳೆ ಪಕ್ಕದ ಮನೆಗೆ ಹೋಗಿ ಎಲ್ಲ ಹೇಳಿಬಿಡುತ್ತೇನೆ ಎಂದಳು.

ಅಪ್ಪ ಶರ್ಟು ಬಿಚ್ಚುತ್ತಿದ್ದವನು ಹಾಗೇ ನಿಂತ. ಬೇಡವೆಂದ. ಎಂಟು ತಿಂಗಳ ಔಷಧವಾಗಿದೆ, ಕಫದಲ್ಲಿ ಈಗ ಏನೂ ಕಾಣುತ್ತಿಲ್ಲವೆಂದು ಡಾಕ್ಟರೇ ಹೇಳಿದ್ದಾರೆ, ಮಗುವಿಗೆ ಏನೂ ಆಗುವುದಿಲ್ಲ, ಸುಮ್ಮನೆ ಬೆಂಕಿ ಹಚ್ಚಿಕೊಳ್ಳುವುದೇಕೆ ಎಂದ.

"ಹಂಗಿದ್ರ ನಿನ್ನ ಮಗಳನ್ನ ಕರಕೊಂಡು ಹೋಗಿ ಅಕಿ ತೊಡೀ ಮ್ಯಾಲೆ ಕೂಡಸು," ಎಂದಳು ಅಜ್ಜಿ. "ಅದ ವಾಟೇದಾಗ ಹಾಲು ಕುಡಸು. ಕುಡಸ್ತೀಯೇನು?"

ಅಪ್ಪ ನನ್ನ ಮುಖ ನೋಡಿದ. ಶರ್ಟು ಬಿಚ್ಚಿ ಗೂಟಕ್ಕೆ ಹಾಕಿದ.

ಸೋದರತ್ತೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಎಂಟು ತಿಂಗಳಿಂದ ಮನೆಯ ಅರ್ಧ ಕೆಲಸ ಅವಳ ಮೇಲೇ ಬಿದ್ದಿತ್ತು; ಈಚೆಗೆ ಅವ್ವನ ಪಾತ್ರೆ ಕುದಿಸುವುದೂ ಅವಳ ಪಾಲಿಗೆ ಬಂದಿತ್ತು. ಅವಳು ಗೊಣಗಿದ್ದನ್ನು ನಾನು ಕೇಳಿರಲಿಲ್ಲ. ಈಗ ಅಜ್ಜಿಯ ಕಡೆ ತಿರುಗಿದಳು. "ಇಷ್ಟ ದಿನ ನಿನಗ ಮಗಳಕಿಂತ ಸೊಸಿ ಹೆಚ್ಚಾಗಿದ್ಲು. ಇವತ್ತ ಮಂದಿ ಕೂಸು ಹೆಚ್ಚಾತು. ನಾಕು ದಿನ ತಡೀಯವ್ವಾ. ಭಾನುವಾರ ಮುಗೀಲಿ."

ಆಗ ಹಲಗೆಯ ಆಚೆಯಿಂದ ಅವ್ವನ ದನಿ ಬಂತು. ಅವಳು ಎಲ್ಲ ಕೇಳಿಸಿಕೊಂಡಿದ್ದಳು. ಹೇಳಿಬಿಡಿ, ನಾನು ತವರಿಗೆ ಹೋಗಿಬಿಡುತ್ತೇನೆ, ಆಗ ಯಾರಿಗೂ ತೊಂದರೆಯಿಲ್ಲ ಎಂದಳು.

"ನೀ ಎಲ್ಲಿಗೂ ಹೋಗೂದಿಲ್ಲ," ಎಂದು ಅಜ್ಜಿ ಹಲಗೆಯ ಕಡೆ ತಿರುಗದೆಯೇ ಹೇಳಿದಳು. ಆಮೇಲೆ ಮಗಳಿಗೆ: "ಭಾನುವಾರದ ತನಕ ತಡದು, ಆ ಕೂಸಿಗೆ ಏನರ ಆತಂದ್ರ, ನಿನ್ನ ಮದುವಿ ಊಟ ನನ್ನ ಗಂಟಲದಾಗ ಇಳಿಯೂದಿಲ್ಲ."

ಮರುದಿನ ಪಕ್ಕದ ಮನೆಯ ಗಂಡಸು ಕೆಲಸಕ್ಕೆ ಹೋದ ಮೇಲೆ ಅಜ್ಜಿ ನನ್ನನ್ನೂ ಕರೆದುಕೊಂಡು ಹೊರಟಳು. ನೋಡಿದವಳು ನೀನು, ನೀನೂ ಇರಬೇಕು ಎಂದಳು. ಗ್ಯಾಲರಿಯಲ್ಲಿ ಆರು ಹೆಜ್ಜೆ.

ಆಕೆ ಮಗುವಿಗೆ ಅನ್ನ ಕಲಸುತ್ತಿದ್ದಳು. ಅಜ್ಜಿಯನ್ನು ನೋಡಿ ಚಾಪೆ ಹಾಸಲು ಎದ್ದಳು. ಅಜ್ಜಿ ಕೂರಲಿಲ್ಲ.

"ನನ್ನ ಸೊಸಿಗೆ ಕ್ಷಯ ಅದವ್ವಾ. ಮಡಿ, ವ್ರತಾ ಎಲ್ಲಾ ಸುಳ್ಳು. ನಿನ್ನೆ ಮಧ್ಯಾಹ್ನ ನಿನ್ನ ಕೂಸು ಅಕಿ ಬಿಟ್ಟ ಹಾಲು ಕುಡದದ. ಇಕಿ ನೋಡ್ಯಾಳ."

ಆಕೆಯ ಕೈಯಲ್ಲಿ ಅನ್ನದ ತುತ್ತು ಹಾಗೇ ಇತ್ತು. ಮಗು ಬಾಯಿ ತೆರೆದು ಕಾಯುತ್ತಿತ್ತು. ಆಕೆ ತುತ್ತನ್ನು ತಟ್ಟೆಗೆ ಹಾಕಿ, ಮಗುವನ್ನು ಎತ್ತಿ ಸೊಂಟಕ್ಕೆ ಒತ್ತಿಕೊಂಡಳು.

"ಎಷ್ಟು ದಿನದಿಂದ?"

"ಎಂಟು ತಿಂಗಳಾತು."

"ಎಂಟು ತಿಂಗಳು," ಎಂದಳು ಆಕೆ. "ದಿನಾ ಇವಳನ್ನ ನಿಮ್ಮ ಹತ್ರ ಬಿಟ್ಟು ನೀರಿಗೆ ಹೋಗ್ತಿದ್ದೆ. ನೀವು ಒಂದು ಮಾತು ಹೇಳ್ಬೇಕಿತ್ತು."

"ಹೇಳಬೇಕಿತ್ತು. ಹೇಳಲಿಲ್ಲ."

ಅಜ್ಜಿ ಅದಕ್ಕಿಂತ ಹೆಚ್ಚು ಏನನ್ನೂ ಸೇರಿಸಲಿಲ್ಲ. ಕೆಳಗಿನ ಮಾಳಿಗೆಯವರ ಗತಿಯನ್ನಾಗಲಿ, ತನ್ನ ಮಗಳ ಭಾನುವಾರವನ್ನಾಗಲಿ ಎತ್ತಲಿಲ್ಲ, ಯಾರಿಗೂ ಹೇಳಬೇಡ ಎಂದೂ ಬೇಡಿಕೊಳ್ಳಲಿಲ್ಲ. ಪರೇಲಿನಲ್ಲಿ ಯಾವ ದಿನ ಯಾವ ಹೊತ್ತಿಗೆ ಹೋದರೆ ಆ ಡಾಕ್ಟರು ಸಿಗುತ್ತಾರೆ ಎಂದು ಹೇಳಿ, ಬೇಕಾದರೆ ತಾನೂ ಜೊತೆಗೆ ಬರುವುದಾಗಿ ಹೇಳಿದಳು. ಬೇಡ, ನೀವು ಹೋಗಿ ಎಂದಳು ಆಕೆ. ನಾವು ಹೊರಬಿದ್ದ ಮೇಲೆ ಬಾಗಿಲು ಮುಚ್ಚಿಕೊಂಡಿತು. ಹಗಲಿನಲ್ಲಿ ಆ ಬಾಗಿಲು ಮುಚ್ಚಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಆಮೇಲಿನ ದಿನಗಳಷ್ಟು ಉದ್ದದ ದಿನಗಳನ್ನು ನಾನು ಮತ್ತೆ ಬದುಕಿಲ್ಲ. ಮೆಟ್ಟಿಲ ಮೇಲೆ ನಾಲ್ಕು ಜನರ ಹೆಜ್ಜೆ ಒಟ್ಟಿಗೆ ಕೇಳಿದರೆ, ಬಂದರು ಎಂದುಕೊಳ್ಳುತ್ತಿದ್ದೆವು. ಅಪ್ಪ ಬಾಡಿಗೆಗೆ ಬೇರೆ ಖೋಲಿ ಸಿಕ್ಕೀತೇನೋ ಎಂದು ವಡಾಳಾ ಕಡೆ ವಿಚಾರಿಸಿ ಬಂದ. ನಳದ ಹತ್ತಿರ ನನ್ನ ಸರದಿ ಬಂದಾಗ ಯಾರು ಹಿಂದೆ ಸರಿದರು, ಯಾರು ಸರಿಯಲಿಲ್ಲ ಎಂದು ಎಣಿಸುತ್ತಿದ್ದೆ. ಯಾರೂ ಸರಿಯಲಿಲ್ಲ. ಪಕ್ಕದ ಮನೆಯಾಕೆ ಮಾತ್ರ ತನ್ನ ಕೊಡ ತುಂಬಿಕೊಂಡು ನನ್ನನ್ನು ಗೋಡೆಯಂತೆ ನೋಡಿ ಹೋಗುತ್ತಿದ್ದಳು.

ಭಾನುವಾರ ಸೋದರತ್ತೆ ಸೀರೆ ಉಟ್ಟು ಕೂತಳು. ಅವಲಕ್ಕಿ ಆರಿತು, ಸಂಜೆಯಾಯಿತು. ಗಂಡಿನವರು ಬರಲಿಲ್ಲ. ಬುಧವಾರ ಒಂದು ಕಾರ್ಡು ಬಂತು. ಸದ್ಯಕ್ಕೆ ಹುಡುಗನ ಮದುವೆಯ ವಿಚಾರ ಮುಂದೂಡಿದ್ದೇವೆ ಎಂದಿತ್ತು. ಪಕ್ಕದ ಮನೆಯಾಕೆ ಹೇಳಿದಳೋ, ಬೇರೆ ಕಾರಣವೋ ನಮಗೆ ಇಂದಿಗೂ ಗೊತ್ತಿಲ್ಲ. ಕೇಳಕೂಡದೆಂದು ಅಜ್ಜಿ ಕಟ್ಟುಮಾಡಿದಳು. ಹೇಳಿದ್ದರೂ ಅದು ಆಕೆಯ ಹಕ್ಕು ಎಂದಳು. ಸೋದರತ್ತೆ ಎರಡು ತಿಂಗಳು ತಾಯಿಯ ಜೊತೆ ಮಾತು ಬಿಟ್ಟಳು. ಅವ್ವನ ಪಾತ್ರೆ ಕುದಿಸುವ ಕೆಲಸವನ್ನು ಮಾತ್ರ ಬಿಡಲಿಲ್ಲ.

ಮಗುವನ್ನು ಆಸ್ಪತ್ರೆಗೆ ತೋರಿಸಿದ್ದು ನಮಗೆ ಡಾಕ್ಟರರಿಂದಲೇ ಗೊತ್ತಾಯಿತು. ಈಗೇನೂ ಕಾಣುತ್ತಿಲ್ಲ, ಮೂರು ತಿಂಗಳಿಗೊಮ್ಮೆ ಕರೆತರಲು ಹೇಳಿದ್ದೇನೆ ಎಂದರಂತೆ. ಆ ಮೂರು ಮೂರು ತಿಂಗಳುಗಳನ್ನು ಅಜ್ಜಿ ಬೆರಳ ಮೇಲೆ ಎಣಿಸಿದಳು. ಗೋಡೆಯ ಆಚೆ ಮಗು ಒಂದು ಸಲ ಸೀನಿದರೆ ಅವಳ ಕೈಯ ಕೆಲಸ ನಿಲ್ಲುತ್ತಿತ್ತು. ಸೆಪ್ಟೆಂಬರಿನಲ್ಲಿ ಮಗುವಿಗೆ ಒಂದು ವಾರ ಜ್ವರ ಬಂತು. ಆ ವಾರ ಅಜ್ಜಿ ಒಂದೇ ಹೊತ್ತು ಉಂಡಳು. ಅದು ಬರೀ ಮಳೆಗಾಲದ ಜ್ವರ ಎಂದು ಗೊತ್ತಾದ ದಿನ ಅವಳು ಎರಡನೆಯ ಸಲ ಅನ್ನ ಹಾಕಿಸಿಕೊಂಡಳು.

ಬಿಲ್ಡಿಂಗಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಆಕೆ ಬಾಯಿ ಬಿಡಲಿಲ್ಲ. ನಮ್ಮ ಜೊತೆ ಒಂದು ಮಾತೂ ಆಡಲಿಲ್ಲ.

ಮರುವರ್ಷದ ಚೈತ್ರಕ್ಕೆ ಅವ್ವನ ಔಷಧ ಮುಗಿಯಿತು. ಎಕ್ಸ್‌ರೇ ಫಿಲ್ಮು ನೋಡಿ ಡಾಕ್ಟರು, ಇನ್ನು ಇವರು ಎಲ್ಲರಂತೆ ಇರಬಹುದು ಎಂದರು. ಅಂದು ಅವ್ವ ನನ್ನ ತಲೆ ಬಾಚಿದಳು. ಒಂದೂವರೆ ವರ್ಷದ ಮೇಲೆ ಅವಳ ಕೈ ನನ್ನ ನೆತ್ತಿಗೆ ತಾಗಿದಾಗ ನಾನು ಅಲುಗಾಡದೆ ಕೂತಿದ್ದೆ, ಅವಳೂ ಎಷ್ಟೋ ಹೊತ್ತು ಜಡೆ ಕಟ್ಟಿ ಬಿಚ್ಚಿ ಮತ್ತೆ ಕಟ್ಟಿದಳು.

ಆದರೆ ವ್ರತ ಹಿಡಿದ ಮೇಲೆ ಉದ್ಯಾಪನೆ ಮಾಡಲೇಬೇಕಲ್ಲ. ಬಿಲ್ಡಿಂಗಿನ ಹೆಂಗಸರು ಕೇಳಲು ಶುರುಮಾಡಿದ್ದರು. ಅಜ್ಜಿ ಅವ್ವನ ಕೈಯಿಂದ ಚೈತ್ರಗೌರಿ ಕೂರಿಸಿ, ಎಲ್ಲರನ್ನೂ ಅರಿಶಿನ ಕುಂಕುಮಕ್ಕೆ ಕರೆಸಿದಳು. ಪಕ್ಕದ ಮನೆಗೂ ಕರೆಯಲು ನನ್ನನ್ನು ಕಳಿಸಿದಳು. ನಾನು ಬಾಗಿಲಲ್ಲೇ ನಿಂತು ಹೇಳಿ ಓಡಿ ಬಂದೆ. ಆಕೆ ಬರಲಾರಳು ಎಂದೇ ನಾವೆಲ್ಲ ಅಂದುಕೊಂಡಿದ್ದೆವು.

ಹೆಂಗಸರು ತುಂಬಿದ್ದರು. ಕೋಸಂಬರಿ ಪಾನಕ ಆದ ಮೇಲೆ ಮೂರನೆಯ ಮಾಳಿಗೆಯ ಹಿರಿಯ ಮರಾಠಿ ಹೆಂಗಸೊಬ್ಬರು ಅಜ್ಜಿಯ ಕಡೆ ತಿರುಗಿ, ಇಷ್ಟು ಕಠಿಣ ವ್ರತ ತಾವು ಕಂಡೇ ಇಲ್ಲ, ಇದರ ಕಥೆ ಹೇಳಿ, ಕಥೆ ಕೇಳದೆ ವ್ರತ ಪೂರ್ತಿಯಾಗುವುದಿಲ್ಲ ಎಂದರು. ಉಳಿದವರೂ ಮುಂದೆ ಸರಿದು ಕೂತರು. ಅಜ್ಜಿಗೆ ನೂರು ಕಥೆ ಬರುತ್ತಿದ್ದವು. ಅಂದು ಒಂದೂ ಬಾಯಿಗೆ ಬರಲಿಲ್ಲ. ಅವಳ ತುಟಿ ಅಲುಗಿದ್ದು ನೋಡಿದೆ. ಅವ್ವ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದಳು.

"ಈ ವ್ರತ ನಮ್ಮ ಕಡೆನೂ ಇದೆ," ಎಂದು ಬಾಗಿಲಿನಿಂದ ದನಿ ಬಂತು. ಪಕ್ಕದ ಮನೆಯಾಕೆ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಯಾವಾಗ ಬಂದಳೋ. "ವ್ರತ ಮಾಡಿದವರು ಇದರ ಕಥೆ ಹೇಳಬಾರದು. ಹೇಳಿದ್ರೆ ಫಲ ಇಲ್ಲ."

ಯಾರೋ ಅದನ್ನು ಆ ಹಿರಿಯರಿಗೆ ಮರಾಠಿಯಲ್ಲಿ ತಿಳಿಸಿ ಹೇಳಿದರು. ಅವರು ಹೌದೇನು ಎಂದು ತಲೆದೂಗಿ ಪಾನಕದ ಕಡೆ ತಿರುಗಿದರು.

ಆಕೆ ಒಳಗೆ ಬಂದು ಅವ್ವನ ಮುಂದೆ ನಿಂತಳು. ಅವ್ವ ಬೆರಳನ್ನು ಕುಂಕುಮದಲ್ಲಿ ಅದ್ದಿದಳು, ಆದರೆ ಕೈ ಮುಂದೆ ಹೋಗಲಿಲ್ಲ. ಮುಟ್ಟಲೋ ಬೇಡವೋ ಎಂದು ನಿಂತುಬಿಟ್ಟಳು. ಆಕೆ ಹಣೆಯನ್ನು ತಾನಾಗಿ ಸ್ವಲ್ಪ ಮುಂದಕ್ಕೆ ತಂದಳು. ಅವ್ವ ಕುಂಕುಮ ಹಚ್ಚಿದಳು. ಮಗುವಿಗೂ ಹಚ್ಚಲು ಹೋದಾಗ ಮಾತ್ರ ಆಕೆಯ ಕೈ ಅದರ ಮುಖಕ್ಕೆ ಅಡ್ಡ ಬಂತು. ಅವ್ವ ಅರ್ಥಮಾಡಿಕೊಂಡು ಬಟ್ಟಲನ್ನು ಕೆಳಗಿಟ್ಟಳು. ಆಕೆ ಉಡಿ ತುಂಬಿಸಿಕೊಂಡು, ಎಲ್ಲರ ಜೊತೆ ಐದು ನಿಮಿಷ ಕೂತು ಎದ್ದು ಹೋದಳು. ಪಾನಕ ಕುಡಿಯಲಿಲ್ಲ.

ಅಂದು ಸಂಜೆ ಅಜ್ಜಿ ಬಹಳ ಹೊತ್ತು ಗ್ಯಾಲರಿಯಲ್ಲಿ ಕೂತಿದ್ದಳು. ನಾನು ಹೋಗಿ, ಆಕೆಗೆ ನಮ್ಮ ಮೇಲಿನ ಸಿಟ್ಟು ಹೋಯಿತೇನು ಎಂದು ಕೇಳಿದೆ. "ಯಾಕ ಹೋಗಬೇಕು?" ಎಂದಳು. "ಸಿಟ್ಟು ಇಟಗೊಂಡ ಬಂದಾಳಲ್ಲ. ಅದು ದೊಡ್ಡದು."

ಆ ವರ್ಷದ ಕೊನೆಗೆ ಪಕ್ಕದ ಮನೆಯವರು ವರ್ಗವಾಗಿ ದಿಲ್ಲಿಗೆ ಹೋದರು. ಮಗು ಆರೋಗ್ಯವಾಗಿತ್ತು; ಮೆಟ್ಟಿಲುಗಳನ್ನು ತಾನೇ ಇಳಿದು ಹೋಯಿತು. ಸೋದರತ್ತೆಗೆ ಮುಂದಿನ ವರ್ಷ ಬಿಜಾಪುರದ ಒಬ್ಬ ಶಾಲಾ ಮಾಸ್ತರರ ಜೊತೆ ಮದುವೆಯಾಯಿತು. ಮದುವೆಗೆ ಮೊದಲು ಅಜ್ಜಿ ಅಪ್ಪನನ್ನು ಕರೆದುಕೊಂಡು ಹೋಗಿ ಮನೆಯ ಕಾಯಿಲೆಯ ವಿಷಯವನ್ನು ಬೀಗರ ಮುಂದೆ ಬಿಚ್ಚಿ ಹೇಳಿ ಬಂದಿದ್ದಳು. ಅವರು ಒಂದು ರಾತ್ರಿ ಯೋಚಿಸಿ ಒಪ್ಪಿಕೊಂಡರು. ಸೋದರತ್ತೆ ಬಸಿರಾಗಿ ತವರಿಗೆ ಬಂದಾಗ ತಾಯಿಯ ಜೊತೆ ಮೊದಲಿನಂತೆ ಜಗಳವಾಡಿದ್ದು ಕೇಳಿ ಅವ್ವನೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು.

ಅಜ್ಜಿಯ ಮಡಿ ಉದ್ಯಾಪನೆಯ ಮರುದಿನವೇ ಬಿಟ್ಟುಹೋಯಿತು. ಮೊದಲಿನಂತೆ ಮನೆಮನೆಯಲ್ಲಿ ಚಹಾ ಕುಡಿಯತೊಡಗಿದಳು. ಅರವತ್ತರ ದಶಕದಲ್ಲಿ ನಾವು ಮುಲುಂಡಿಗೆ ಹೋದೆವು. ಅಲ್ಲಿ ನಳ ಮನೆಯೊಳಗೇ ಇತ್ತು; ಅಲ್ಲಿ ಅವಳು ಮಾತಿಗೆ ಜನ ಸಿಗದೆ ಮೊದಲ ತಿಂಗಳು ಒದ್ದಾಡಿದಳು. ಆಮೇಲೆ ಸ್ಟೇಷನ್ನಿನ ದಾರಿಯಲ್ಲಿ ತರಕಾರಿ ಮಾರುವ ಹೆಂಗಸರ ಪರಿಚಯ ಮಾಡಿಕೊಂಡು, ಅವರ ಪಕ್ಕದಲ್ಲಿ ಒಂದು ಗೋಣಿಯ ಮೇಲೆ ಕೂತು, ಅವರ ಮೊಮ್ಮಕ್ಕಳ ಹೆಸರೆಲ್ಲ ಬಾಯಿಪಾಠ ಮಾಡಿದಳು. ಎಂಬತ್ತೈದರಲ್ಲಿ ಕಣ್ಣು ಮಂಜಾದಾಗ ಆಪರೇಷನ್ನಿಗೆ ತಾನೇ ನಡೆದುಕೊಂಡು ಹೋದಳು. ನನ್ನ ಮಗಳಿಗೆ ಹಾಲುಹಲ್ಲು ಬಿದ್ದದ್ದನ್ನೂ ನೋಡಿದಳು.

ತೊಂಬತ್ಮೂರರಲ್ಲಿ, ಒಂದು ಜನವರಿಯ ಬೆಳಿಗ್ಗೆ, ಅವ್ವ ಸ್ನಾನಕ್ಕೆ ನೀರು ಕಾಸಿ ಕರೆಯಲು ಹೋದಾಗ ಅವಳು ಹೋಗಿಬಿಟ್ಟಿದ್ದಳು. ಅವ್ವ ನನಗೆ ಫೋನು ಮಾಡುವ ಮೊದಲು ಅರ್ಧ ತಾಸು ಒಬ್ಬಳೇ ಅವಳ ಪಕ್ಕದಲ್ಲಿ ಕೂತಿದ್ದಳಂತೆ. ನಾನು ಲೋಕಲ್ ಹಿಡಿದು ಹೋಗಿ ತಲುಪಿದಾಗ ತರಕಾರಿಯ ಹೆಂಗಸರು ಬುಟ್ಟಿಗಳನ್ನು ಕೆಳಗೆ ಬಿಟ್ಟು ಮೆಟ್ಟಿಲ ತುಂಬ ಕೂತಿದ್ದರು, ಅವ್ವ ಅವರಲ್ಲಿ ಒಬ್ಬೊಬ್ಬರಿಗೂ ನೀರು ಕೊಡುತ್ತಿದ್ದಳು.